ಮಗ ಹಡಗಿನಲ್ಲಿದ್ದಾನೆ: ತಂದೆಯ ಹೆಮ್ಮೆ ಅವನಿಗೆ ಆಸರೆಯಾಗುವುದು ಹೇಗೆ?

ಪ್ರಶ್ನೆ: ನನ್ನ ಮಗ ನಾಲ್ಕು ವರ್ಷದ ಅವಧಿಗೆ ಅಗ್ನಿವೀರನಾಗಿ ನೌಕಾಪಡೆಗೆ ಸೇರಿ, ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿ ಮುಗಿಸಿ, ಕೆಲವು ತಿಂಗಳಿಂದ ವಿಶಾಖಪಟ್ಟಣದ ಹಡಗೊಂದರಲ್ಲಿದ್ದಾನೆ. ನಮ್ಮ ಊರಿನಿಂದ ನೌಕಾಪಡೆಗೆ ಹೋದವರಲ್ಲಿ ಅವನೇ ಮೊದಲಿಗ. ಪಾಸಿಂಗ್ ಔಟ್ ಪರೇಡ್ ನೋಡಿಕೊಂಡು ಬಂದ ಮೇಲೆ ಬಸ್ ನಿಲ್ದಾಣದಲ್ಲಿ ಅವನ ಫ್ಲೆಕ್ಸ್ ಕಟ್ಟಿಸಿದೆವು. ಅವನು ಹೇಳಿದ್ದನ್ನೆಲ್ಲ ನಾನು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕುತ್ತೇನೆ. ಇತ್ತೀಚೆಗೆ ಅವನು ಎರಡು ಮಾತಾಡಿ ಫೋನ್ ಇಟ್ಟುಬಿಡುತ್ತಾನೆ. ತಾಯಿಯ ಹತ್ತಿರ ಒಮ್ಮೆ ‘ಸಾಕಾಗಿದೆ ಅಮ್ಮ’ ಅಂದನಂತೆ. ನಾನು ಫೋನ್ ತೆಗೆದುಕೊಂಡು ‘ಧೈರ್ಯವಾಗಿರು, ಊರಿನ ಹುಡುಗರಿಗೆಲ್ಲ ನೀನೇ ಮಾದರಿ, ನಮ್ಮ ಮಾನ ನಿನ್ನ ಕೈಯಲ್ಲಿದೆ’ ಎಂದೆ. ಅಂದಿನಿಂದ ಮಾತು ಇನ್ನೂ ಕಡಿಮೆಯಾಗಿದೆ. ಅವನನ್ನು ಹುರಿದುಂಬಿಸುವುದು ಹೇಗೆ? ನನ್ನ ಹೆಮ್ಮೆಯೇ ಅವನಿಗೆ ಭಾರವಾಯಿತೇ? ನಾಲ್ಕು ವರ್ಷದ ನಂತರ ಏನು ಎಂಬ ಚಿಂತೆಯೂ ಕಾಡುತ್ತಿದೆ.
— ಹಾಸನ ಜಿಲ್ಲೆಯ ಒಬ್ಬ ತಂದೆ

ಉತ್ತರ: ಮಾನ್ಯರೇ, ನಿಮ್ಮ ಪ್ರಶ್ನೆಯ ಕೊನೆಯಲ್ಲಿ ನೀವೇ ಅನುಮಾನಿಸಿರುವುದು ಬಹುಮಟ್ಟಿಗೆ ಸರಿ. ಆದರೆ ಭಾರವಾಗಿರುವುದು ಹೆಮ್ಮೆಯಲ್ಲ, ಆ ಹೆಮ್ಮೆಗೆ ಕಟ್ಟಿರುವ ಷರತ್ತು. ‘ನಮ್ಮ ಮಾನ ನಿನ್ನ ಕೈಯಲ್ಲಿದೆ’ ಎಂದು ನೀವು ಪ್ರೀತಿಯಿಂದಲೇ ಹೇಳಿದ್ದೀರಿ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ‘ಸಾಕಾಗಿದೆ’ ಎಂದವನ ಕಿವಿಗೆ ಅದು ‘ಈ ಮಾತನ್ನು ಇನ್ನು ಮುಂದೆ ಮನೆಯಲ್ಲಿ ಆಡಬೇಡ’ ಎಂದೇ ಕೇಳಿಸಿರುತ್ತದೆ. ನೌಕಾಪಡೆಯ ಸಮವಸ್ತ್ರದಲ್ಲೇ ನನ್ನ ದುಡಿಮೆಯ ಆಯುಷ್ಯ ಕಳೆದು, ಈಗ ಸೈನಿಕ ಕುಟುಂಬಗಳಿಗೆ ಆಪ್ತಸಲಹೆ ನೀಡುತ್ತಿರುವ ನನಗೆ ಕಂಡಿರುವುದು ಇಷ್ಟು: ಹೊಸದಾಗಿ ಹಡಗು ಹತ್ತಿದ ಹುಡುಗರಲ್ಲಿ ಹೆಚ್ಚು ಮೌನವಾಗಿರುವವರು ಮನೆಯವರ ಪ್ರೀತಿ ಕಾಣದವರಲ್ಲ, ಊರೆಲ್ಲ ತಮ್ಮನ್ನು ವೀರರೆಂದು ಕೊಂಡಾಡುತ್ತಿರುವಾಗ ತಾವು ನಿಜವಾಗಿ ಮಾಡುತ್ತಿರುವ ಕೆಲಸವನ್ನು ಹೇಳಿಕೊಳ್ಳಲು ನಾಚುವವರು.

ಆ ಕೆಲಸ ಏನು ಎಂಬುದನ್ನು ಮೊದಲು ತಿಳಿಯೋಣ. ಫ್ಲೆಕ್ಸ್‌ನಲ್ಲಿ ನಿಮ್ಮ ಮಗನ ಹಿಂದೆ ಯುದ್ಧನೌಕೆ, ಕ್ಷಿಪಣಿ, ತ್ರಿವರ್ಣ ಧ್ವಜಗಳಿರಬಹುದು. ಹಡಗಿನಲ್ಲಿ ಅವನ ಮೊದಲ ತಿಂಗಳುಗಳು ಬಹುಶಃ ತುಕ್ಕು ಕೆರೆಯುವುದರಲ್ಲಿ, ಬಣ್ಣ ಬಳಿಯುವುದರಲ್ಲಿ, ಡೆಕ್ ತೊಳೆಯುವುದರಲ್ಲಿ, ಹಗ್ಗ ಎಳೆಯುವುದರಲ್ಲಿ, ಅಡುಗೆಮನೆಯ ಕೈಕೆಲಸದಲ್ಲಿ ಕಳೆಯುತ್ತಿರುತ್ತವೆ. ನಾವಿಕರ ಬಾಯಲ್ಲಿ ‘ಚಿಪ್ಪಿಂಗ್, ಪೇಂಟಿಂಗ್’ ಎಂದೇ ಹೆಸರಾದ ಈ ಕೆಲಸಕ್ಕೆ ಕೊನೆಯೆಂಬುದಿಲ್ಲ, ಏಕೆಂದರೆ ಉಪ್ಪುನೀರು ಉಕ್ಕನ್ನು ತಿನ್ನುವುದನ್ನು ಒಂದು ದಿನವೂ ನಿಲ್ಲಿಸುವುದಿಲ್ಲ. ಇದರ ಜೊತೆಗೆ ‘ವಾಚ್’ ಎಂಬ ಕಾವಲು ಪಾಳಿ ಇರುತ್ತದೆ. ಹಡಗಿನ ದಿನವನ್ನು ನಾಲ್ಕು ನಾಲ್ಕು ತಾಸಿನ ಪಾಳಿಗಳಾಗಿ ಹಂಚುವುದು ಹಳೆಯ ಪದ್ಧತಿ. ನಡುರಾತ್ರಿಯಿಂದ ಬೆಳಗಿನ ನಾಲ್ಕರವರೆಗಿನ ಪಾಳಿ ಬಿದ್ದವನು ಅದನ್ನು ಮುಗಿಸಿ ಸ್ವಲ್ಪ ಕಣ್ಣು ಮುಚ್ಚುವಷ್ಟರಲ್ಲಿ ಹಗಲಿನ ಕೆಲಸಕ್ಕೆ ಎದ್ದು ನಿಲ್ಲಬೇಕಾಗುತ್ತದೆ. ಮಲಗುವ ಜಾಗವೋ, ಒಂದರ ಮೇಲೊಂದು ಜೋಡಿಸಿದ ಕಿರಿದಾದ ಬಂಕ್. ಹಾಸನದ ಬಯಲಲ್ಲಿ ಬೆಳೆದ ಹುಡುಗನಿಗೆ ಇವೆಲ್ಲ ಒಟ್ಟಿಗೇ ಎದುರಾಗಿವೆ. ‘ಸಾಕಾಗಿದೆ’ ಎಂಬ ಮಾತು ಎಷ್ಟೋ ಸಲ ಸೇವೆಯ ಬಗ್ಗೆ ಕೊಟ್ಟ ತೀರ್ಪಾಗಿರುವುದಿಲ್ಲ, ನಿದ್ದೆಗೆಟ್ಟ ಮೈಯ ಮಾತಾಗಿರುತ್ತದೆ.

ಹಡಗಿನ ಓಲಾಟಕ್ಕೆ ಬರುವ ತಲೆಸುತ್ತು, ವಾಂತಿಯ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಹೊಸಬರು ಬಹಳ ಮುಚ್ಚಿಡುವ ಸಂಗತಿ ಅದೇ. ಒಳಕಿವಿ ‘ನಾವು ತೂಗಾಡುತ್ತಿದ್ದೇವೆ’ ಎನ್ನುವಾಗ ಕಣ್ಣು ಎದುರಿಗಿನ ಕದಲದ ಗೋಡೆಯನ್ನು ಕಾಣುತ್ತಿರುತ್ತದೆ. ಈ ಎರಡು ಸುದ್ದಿಗಳು ಮಿದುಳಿನಲ್ಲಿ ಹೊಂದಿಕೆಯಾಗದೆ ಹೊಟ್ಟೆ ತೊಳಸುತ್ತದೆ. ಹೆಚ್ಚಿನವರಿಗೆ ಎರಡು ಮೂರು ದಿನಗಳಲ್ಲಿ ದೇಹ ಹೊಂದಿಕೊಳ್ಳುತ್ತದೆ, ಆದರೆ ಬಂದರಿನಲ್ಲಿ ಬಹುಕಾಲ ನಿಂತು ಮತ್ತೆ ಕಡಲಿಗಿಳಿದಾಗ ಅದು ಮರುಕಳಿಸಬಹುದು. ಬ್ರಿಟನ್ನಿನ ಅಡ್ಮಿರಲ್ ನೆಲ್ಸನ್‌ಗೆ ಕೊನೆಯವರೆಗೂ ಈ ಬಾಧೆ ತಪ್ಪಲಿಲ್ಲ. ಹಾಗಾಗಿ ನಿಮ್ಮ ಮಗ ವಾಂತಿ ಮಾಡಿಕೊಂಡೆ ಎಂದು ಹೇಳಿದರೆ ಅದಕ್ಕೂ ಧೈರ್ಯಕ್ಕೂ ನಂಟು ಕಲ್ಪಿಸಬೇಡಿ.

ಹಾಗಾದರೆ ಹೆಮ್ಮೆಪಡುವುದನ್ನು ಬಿಡಬೇಕೇ? ಖಂಡಿತ ಬೇಡ. ಅದನ್ನು ಅವನು ನಿಜವಾಗಿ ಮಾಡುತ್ತಿರುವ ಕೆಲಸದ ಮೇಲೆ ತಂದು ನಿಲ್ಲಿಸಿ. 2024ರ ಮಾರ್ಚ್ ತಿಂಗಳಲ್ಲಿ ಸೊಮಾಲಿ ಕಡಲ್ಗಳ್ಳರ ವಶದಲ್ಲಿದ್ದ ‘ರುಯೆನ್’ ಎಂಬ ಸರಕು ಹಡಗನ್ನು ನಮ್ಮ ನೌಕಾಪಡೆ ಬಿಡಿಸಿದ್ದು ನಿಮಗೆ ನೆನಪಿರಬಹುದು. ಭಾರತದ ಕರಾವಳಿಯಿಂದ ಸುಮಾರು 2,600 ಕಿಲೋಮೀಟರ್ ದೂರದಲ್ಲಿ, 40 ತಾಸು ನಡೆದ ಆ ಕಾರ್ಯಾಚರಣೆಯಲ್ಲಿ 35 ಕಡಲ್ಗಳ್ಳರು ಶರಣಾದರು, 17 ಸಿಬ್ಬಂದಿ ಪಾರಾದರು. ಸುದ್ದಿಯಲ್ಲಿ ಕಂಡವರು ವಿಮಾನದಿಂದ ಧುಮುಕಿದ ಮೆರೈನ್ ಕಮಾಂಡೊಗಳು. ಆದರೆ ಆ ಕಾರ್ಯಾಚರಣೆಯ ಯುದ್ಧನೌಕೆ ಐಎನ್‌ಎಸ್ ಕೋಲ್ಕತಾ ಆ ಹೊತ್ತಿಗೆ ಆ ಜಾಗದಲ್ಲಿ ನಿಂತಿರಬೇಕಾದರೆ ಅದರ ಎಂಜಿನ್ ಕೋಣೆಯಲ್ಲಿ ಬೆವರು ಸುರಿಸಿದವರು, ನಡುರಾತ್ರಿ ರಾಡಾರ್ ಮುಂದೆ ಕಣ್ಣು ನೆಟ್ಟವರು, ನೂರಾರು ಜನರಿಗೆ ಹೊತ್ತುಹೊತ್ತಿಗೆ ಬೇಯಿಸಿ ಹಾಕಿದವರು, ತಿಂಗಳುಗಟ್ಟಲೆ ತುಕ್ಕು ಕೆರೆದವರು ಇದ್ದೇ ಇದ್ದರು. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ನಿಮ್ಮ ಮಗ ಸದ್ಯಕ್ಕೆ ಆ ಸಾಲಿನಲ್ಲಿದ್ದಾನೆ. ಆ ಸಾಲಿನ ಬಗ್ಗೆ ತಂದೆಗೆ ಗೊತ್ತಿದೆ, ಗೌರವವಿದೆ ಎಂದು ತಿಳಿದ ದಿನ ಅವನ ನಾಲಿಗೆ ತಾನಾಗಿಯೇ ಸಡಿಲವಾಗುತ್ತದೆ.

ಇನ್ನು ಫೋನಿನ ಮಾತು. ಮುಂದಿನ ಸಲ ಅವನು ಕರೆ ಮಾಡಿದಾಗ ಹಿಂದಿನ ಮಾತನ್ನು ನೀವೇ ಎತ್ತಿ. ‘ಅವತ್ತು ನೀನು ಸಾಕಾಗಿದೆ ಅಂದೆ, ನಾನು ಕೇಳಿಸಿಕೊಳ್ಳದೆ ಬುದ್ಧಿ ಹೇಳಿಬಿಟ್ಟೆ. ಏನು ಸಾಕಾಗಿದೆ ಮಗನೇ, ನಿದ್ದೆಯೋ, ಕೆಲಸವೋ, ಜೊತೆಗಾರರೋ?’ ಎಂದು ಕೇಳಿ, ಆಮೇಲೆ ಸುಮ್ಮನಿರಿ. ಆ ಸುಮ್ಮನಿರುವುದೇ ಕಷ್ಟದ ಭಾಗ. ನಮ್ಮಲ್ಲಿ ಅಪ್ಪಂದಿರಿಗೆ ಮಕ್ಕಳು ಕಷ್ಟ ಹೇಳಿದೊಡನೆ ಪರಿಹಾರ ಹೇಳದಿದ್ದರೆ ಸಮಾಧಾನವಿಲ್ಲ. ಅವನು ಹೇಳಿದ್ದರಲ್ಲಿ ಒಂದನ್ನು ಹಿಡಿದು ಇನ್ನಷ್ಟು ಕೇಳಿ: ‘ರಾತ್ರಿ ಪಾಳಿಯಲ್ಲಿ ನಿನ್ನ ಜೊತೆ ಯಾರಿರುತ್ತಾರೆ?’, ‘ಬಣ್ಣ ಹಚ್ಚುವ ಮುಂಚೆ ಎಷ್ಟು ಕೆರೆಯಬೇಕು?’ ಇಂಥ ಸಣ್ಣ ಪ್ರಶ್ನೆಗಳಿಂದ, ಅಪ್ಪನಿಗೆ ನನ್ನ ಸಮವಸ್ತ್ರದ ಮೇಲಷ್ಟೇ ಅಲ್ಲ, ನನ್ನ ದಿನದ ಮೇಲೂ ಆಸಕ್ತಿಯಿದೆ ಎಂಬುದು ಅವನಿಗೆ ತಿಳಿಯುತ್ತದೆ. ಆದರೆ ಹಡಗು ಎಲ್ಲಿದೆ, ಎಲ್ಲಿಗೆ ಹೊರಡುತ್ತಿದೆ, ಯಾವಾಗ ಮರಳುತ್ತದೆ ಎಂಬುದನ್ನು ಕೇಳಬೇಡಿ. ಆ ಪ್ರಶ್ನೆಗೆ ಅವನು ಸುಳ್ಳು ಹೇಳಬೇಕು, ಇಲ್ಲವೇ ನಿಯಮ ಮುರಿಯಬೇಕು. ಮಗನನ್ನು ಆ ಇಕ್ಕಟ್ಟಿಗೆ ಸಿಕ್ಕಿಸಬಾರದು.

ಅವನ ತಾಯಿಯವರು ಫೋನಿನಲ್ಲಿ ಅತ್ತರೆ ಏನು ಮಾಡಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಅಳಲಿ ಬಿಡಿ. ಒಂದೆರಡು ಹನಿ ಕಣ್ಣೀರಿನಿಂದ ಯಾವ ನಾವಿಕನೂ ಕುಗ್ಗುವುದಿಲ್ಲ. ಕುಗ್ಗಿಸುವುದು ಮನೆಯ ತಾಪತ್ರಯಗಳನ್ನೆಲ್ಲ ಹೊರಡುವ ಹಿಂದಿನ ರಾತ್ರಿ ಅವನ ಮೇಲೆ ಸುರಿಯುವುದು, ಇಲ್ಲವೇ ನಡೆದ ದೊಡ್ಡ ಸಂಗತಿಯನ್ನು ಪೂರ್ತಿ ಮುಚ್ಚಿಟ್ಟು ಅವನು ರಜೆಗೆ ಬಂದಾಗ ನೆರೆಯವರ ಬಾಯಿಂದ ತಿಳಿಯುವಂತೆ ಮಾಡುವುದು. ಬ್ರಿಟನ್ನಿನ ಅಣು ಜಲಾಂತರ್ಗಾಮಿಗಳಲ್ಲಿ ಗಸ್ತಿಗೆ ಹೋದವರಿಗೆ ಮನೆಯಿಂದ ವಾರಕ್ಕೆ 120 ಪದಗಳ ಒಂದು ಸಂದೇಶ ಮಾತ್ರ ತಲುಪುವ ವ್ಯವಸ್ಥೆಯಿದೆ. ಅವರು ಮರುತ್ತರ ಬರೆಯುವಂತಿಲ್ಲ. ನಿಮಗೆ ಅಂಥ ಕಟ್ಟು ಇಲ್ಲ. ಆದರೂ ಅಷ್ಟೇ ಜಾಗವಿದ್ದಿದ್ದರೆ ಏನು ಬರೆಯುತ್ತಿದ್ದೆ ಎಂದು ಯೋಚಿಸಿ ಬರೆದ ಕಾಗದ, ದಿನಕ್ಕೆ ಹತ್ತು ಸಲ ಕಳುಹಿಸುವ ‘ಶುಭೋದಯ’ದ ಚಿತ್ರಗಳಿಗಿಂತ ಹೆಚ್ಚು ದಿನ ಜೊತೆಗಿರುತ್ತದೆ. ಹೌದು, ಕಾಗದ ಎಂದೇ ಹೇಳಿದೆ. ಹಡಗುಗಳಿಗೆ ಅಂಚೆ ತಲುಪಿಸಲು ಮುಂಬೈ, ವಿಶಾಖಪಟ್ಟಣಗಳಂಥ ನೆಲೆಗಳಲ್ಲಿ ಫ್ಲೀಟ್ ಮೇಲ್ ಆಫೀಸ್ ಎಂಬ ವ್ಯವಸ್ಥೆ ಇದೆ. ವಿಳಾಸ ಹೇಗೆ ಬರೆಯಬೇಕೆಂದು ಮಗನನ್ನೇ ಕೇಳಿ. ನೆಟ್‌ವರ್ಕ್ ಇಲ್ಲದ ನಡುಗಡಲಿನಲ್ಲಿ ಬಂಕ್‌ನ ದೀಪದ ಕೆಳಗೆ ಮತ್ತೆ ಮತ್ತೆ ಓದಲು ಸಿಗುವುದು ಅದೊಂದೇ.

ನೆಟ್‌ವರ್ಕ್ ಎಂದೆನಲ್ಲ, ಅದರಿಂದಲೇ ಹುಟ್ಟುವ ಗಾಬರಿಯೂ ಒಂದಿದೆ. ಹಡಗು ಸೇಲಿಂಗ್‌ಗೆ ಹೊರಟರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಫೋನ್ ಬರದಿರಬಹುದು. ಕೆಲವು ತಂದೆ ತಾಯಂದಿರು ಹಡಗುಗಳ ಜಾಡು ತೋರಿಸುವ ಆ್ಯಪ್ ಹಾಕಿಕೊಂಡು ಮಗನ ಹಡಗನ್ನು ಹುಡುಕಿ, ಸಿಗದಿದ್ದಾಗ ಎದೆಯೊಡೆದುಕೊಳ್ಳುತ್ತಾರೆ. ವ್ಯಾಪಾರಿ ಹಡಗುಗಳು ತಮ್ಮ ನೆಲೆಯನ್ನು ಬಿತ್ತರಿಸುತ್ತಿರಬೇಕೆಂಬ ಅಂತರರಾಷ್ಟ್ರೀಯ ನಿಯಮದಿಂದ ಯುದ್ಧನೌಕೆಗಳಿಗೆ ವಿನಾಯಿತಿ ಇದೆ. ಕಾಣದಿರುವುದು ಅವುಗಳ ಸಹಜ ಸ್ಥಿತಿ. ಆ ಆ್ಯಪ್ ಅಳಿಸಿಬಿಡಿ.

ಟಿವಿಯ ವಿಷಯದಲ್ಲಿ ನಾನು ಇನ್ನೂ ಕಟುವಾಗಿ ಹೇಳಬಲ್ಲೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಂದಿಗೆ ಸಂಘರ್ಷ ನಡೆದಾಗ, ನೌಕಾಪಡೆ ಕರಾಚಿ ಬಂದರಿನ ಮೇಲೆ ದಾಳಿ ಮಾಡಿದೆ ಎಂದು ಹಲವು ವಾಹಿನಿಗಳು ಒಂದು ರಾತ್ರಿಯಿಡೀ ಅಬ್ಬರಿಸಿದವು. ಅಂಥ ದಾಳಿ ನಡೆದೇ ಇರಲಿಲ್ಲ. ಕರಾಚಿಯ ಮೇಲೆ ನಮ್ಮ ಕ್ಷಿಪಣಿ ದೋಣಿಗಳು ನಿಜಕ್ಕೂ ದಾಳಿ ಮಾಡಿದ್ದು 1971ರ ಡಿಸೆಂಬರ್ 4ರ ರಾತ್ರಿ. ನೌಕಾಪಡೆಯ ದಿನವನ್ನು ಪ್ರತಿವರ್ಷ ಆಚರಿಸುವುದು ಅದೇ ದಿನ. ಆ ಮೇ ತಿಂಗಳ ರಾತ್ರಿ ನಾವಿಕರ ಮನೆಗಳಲ್ಲಿ ನಿದ್ದೆಗೆಟ್ಟವರು ಒಬ್ಬಿಬ್ಬರಲ್ಲ. ಇನ್ನೊಮ್ಮೆ ಅಂಥ ದಿನಗಳು ಬಂದರೆ ರಕ್ಷಣಾ ಸಚಿವಾಲಯದ ಅಧಿಕೃತ ಹೇಳಿಕೆ ಬರುವವರೆಗೂ ಟಿವಿ ಆರಿಸಿಡಿ. ನೌಕಾಪಡೆಯಿಂದ ಮನೆಗೆ ತಿಳಿಸಬೇಕಾದ ಸುದ್ದಿಯೇನಾದರೂ ಇದ್ದರೆ ಅದು ದಾಖಲೆಯಲ್ಲಿರುವ ನಿಮ್ಮ ವಿಳಾಸಕ್ಕೆ, ನಿಮ್ಮ ಫೋನಿಗೆ ಬರುತ್ತದೆ, ಟಿವಿಯ ಕೆಂಪು ಪಟ್ಟಿಯ ಮೂಲಕ ಅಲ್ಲ. ಆದ್ದರಿಂದ ನಿಮ್ಮ ನಂಬರ್ ಬದಲಾದರೆ ಅದನ್ನು ದಾಖಲೆಯಲ್ಲಿ ತಿದ್ದಿಸುವಂತೆ ಮಗನಿಗೆ ಹೇಳುವುದು ಮುಖ್ಯ.

ಈಗ ನಿಮ್ಮ ಫ್ಲೆಕ್ಸ್, ಸ್ಟೇಟಸ್‌ಗಳಿಗೆ ಬರುತ್ತೇನೆ. ಫ್ಲೆಕ್ಸ್ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. 2023ರ ಮಾರ್ಚ್ 28ರಂದು ಚಿಲ್ಕಾದಲ್ಲಿ ಮೊದಲ ತಂಡದ ಸುಮಾರು 2,600 ಅಗ್ನಿವೀರರು ಸೂರ್ಯಾಸ್ತದ ನಂತರ, ದೀಪಗಳ ಬೆಳಕಿನಲ್ಲಿ ಪರೇಡ್ ಮಾಡಿ ಹೊರಬಂದರು. ಅವರಲ್ಲಿ 270ಕ್ಕೂ ಹೆಚ್ಚು ಯುವತಿಯರಿದ್ದರು. ಆ ಪರೇಡ್ ಮೈದಾನದಲ್ಲಿ ಮಗನನ್ನೋ ಮಗಳನ್ನೋ ಕಂಡ ತಂದೆ ತಾಯಿ ಊರಿಗೆ ಬಂದು ಹೇಳಿಕೊಳ್ಳದೆ ಇರಲು ಸಾಧ್ಯವೇ? ಸೇರಿದ ಸಂತೋಷವನ್ನು ಹಂಚಿಕೊಳ್ಳಬಹುದು, ಸಮವಸ್ತ್ರದ ಚಿತ್ರವನ್ನು ಗೋಡೆಗೆ ಹಾಕಬಹುದು. ಆದರೆ ‘ಅವನು ಹೇಳಿದ್ದನ್ನೆಲ್ಲ ಸ್ಟೇಟಸ್‌ನಲ್ಲಿ ಹಾಕುತ್ತೇನೆ’ ಎಂದು ಬರೆದಿದ್ದೀರಲ್ಲ, ಅದನ್ನು ಇಂದೇ ನಿಲ್ಲಿಸಬೇಕು. 2019ರ ಡಿಸೆಂಬರ್‌ನಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿ ಹೆಣ್ಣಿನ ಹೆಸರಿನ ಖಾತೆಗಳ ಬಲೆಗೆ ಬಿದ್ದು ಹಡಗುಗಳ ಚಲನವಲನದ ಮಾಹಿತಿ ಸೋರಿಸಿದ ಆರೋಪದ ಮೇಲೆ ಏಳು ನಾವಿಕರ ಬಂಧನವಾಯಿತು. ಅದರ ಬೆನ್ನಿಗೇ ಹಡಗು ಮತ್ತು ನೆಲೆಗಳೊಳಗೆ ಸ್ಮಾರ್ಟ್‌ಫೋನ್ ಒಯ್ಯುವುದನ್ನೂ ಫೇಸ್‌ಬುಕ್‌ನಂಥ ತಾಣಗಳ ಬಳಕೆಯನ್ನೂ ನೌಕಾಪಡೆ ನಿಷೇಧಿಸಿತು. ಹಡಗಿನ ಹೆಸರು, ಮಗನ ವಿಭಾಗ, ‘ಇವತ್ತು ಹೊರಟರು’, ‘ಹದಿನೈದು ದಿನ ಫೋನ್ ಸಿಗುವುದಿಲ್ಲವಂತೆ’ ಎಂಬ ಒಂದೊಂದು ಸಾಲೂ ಬಿಡಿಬಿಡಿಯಾಗಿ ನಿರುಪದ್ರವಿಯಾಗಿ ಕಾಣುತ್ತದೆ. ಇಂಥ ನೂರು ಮನೆಗಳ ಸಾಲುಗಳನ್ನು ಒಂದೆಡೆ ಪೋಣಿಸಿ ಚಿತ್ರ ಕಟ್ಟುವವರು ಇದ್ದಾರೆ. ನಿಮ್ಮ ಪೋಸ್ಟ್‌ನಿಂದಾಗಿ ವಿವರಣೆ ಕೊಡಬೇಕಾಗಿ ಬರುವುದು ನಿಮ್ಮ ಮಗನಿಗೆ. ಅವನು ಇತ್ತೀಚೆಗೆ ಕಡಿಮೆ ಮಾತಾಡುತ್ತಿರುವುದಕ್ಕೆ ಇದೂ ಕಾರಣವಾಗಿರಬಹುದು: ಹೇಳಿದ್ದೆಲ್ಲ ಸಂಜೆಯೊಳಗೆ ಊರಿಗೆ ತಲುಪುತ್ತದೆ ಎಂದು ಗೊತ್ತಿರುವವನು ಮನೆಯವರೊಂದಿಗೆ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು, ಅವನ ‘ಸಾಕಾಗಿದೆ’ ಎಂಬುದು ಹೊಸಬನ ದಣಿವು ಎಂದು ಭಾವಿಸಿ. ಅದು ಅದಕ್ಕಿಂತ ಆಳವಾದುದೂ ಆಗಿರಬಹುದು. ಬಂದರಿನಲ್ಲಿದ್ದಾಗಲೂ ನಿದ್ದೆ ಬಾರದಿರುವುದು, ಊಟ ಬಿಡುವುದು, ಜೊತೆಗಾರರ ಹೆಸರೇ ಮಾತಿನಲ್ಲಿ ಬಾರದಿರುವುದು, ರಜೆ ಸಿಕ್ಕರೂ ಊರಿಗೆ ಬರಲು ಮನಸ್ಸಿಲ್ಲ ಎನ್ನುವುದು, ‘ನಾನಿಲ್ಲದಿದ್ದರೆ ಒಳ್ಳೆಯದು’ ಎಂಬ ಧಾಟಿಯ ಮಾತು ಇವುಗಳಲ್ಲಿ ಯಾವುದು ಕಂಡರೂ ಹುರಿದುಂಬಿಸುವ ಮಾತನ್ನು ಬದಿಗಿಡಿ. ಕೊನೆಯ ಬಗೆಯ ಮಾತು ಕೇಳಿಬಂದರೆ ಆ ದಿನವೇ ಕ್ರಮ ಕೈಗೊಳ್ಳಬೇಕು. ಪ್ರತಿ ನಾವಿಕನಿಗೂ ಅವನ ಯೋಗಕ್ಷೇಮ ನೋಡಿಕೊಳ್ಳುವ ಒಬ್ಬ ಡಿವಿಷನಲ್ ಆಫೀಸರ್ ಇರುತ್ತಾರೆ. ಕೆಲಸ, ರಜೆ, ಮನೆಯ ತೊಂದರೆ ಯಾವುದನ್ನಾದರೂ ಮೊದಲು ಅವರ ಬಳಿ ಹೇಳಿಕೊಳ್ಳುವುದು ಕ್ರಮ. ‘ಡಿಒ ಹತ್ತಿರ ಮಾತಾಡು’ ಎಂದು ತಂದೆಯೇ ಹೇಳಿದರೆ ಮಗನ ಮುಜುಗರ ಅರ್ಧ ಇಳಿಯುತ್ತದೆ, ಏಕೆಂದರೆ ಬಹಳಷ್ಟು ಹುಡುಗರು ಅದನ್ನು ಚಾಡಿಯೆಂದೋ ದೌರ್ಬಲ್ಯವೆಂದೋ ತಿಳಿದಿರುತ್ತಾರೆ. ಅದು ಎರಡೂ ಅಲ್ಲ. ಆ ಹುದ್ದೆ ಇರುವುದೇ ಅದಕ್ಕಾಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ತಾಸೂ ದೊರೆಯುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಸಶಸ್ತ್ರ ಪಡೆಗಳವರಿಗಾಗಿಯೇ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್‌ನಿಂದ ಅದರ ಪ್ರತ್ಯೇಕ ಘಟಕವೂ ಇದೆ. ಆ ಸಂಖ್ಯೆಗೆ ನೀವೂ ಕರೆ ಮಾಡಬಹುದು; ಮಗನನ್ನು ದೂರ ಕಳುಹಿಸಿದ ತಂದೆಗೂ ಕೆಲವೊಮ್ಮೆ ಅದರ ಅಗತ್ಯ ಬೀಳುತ್ತದೆ.

‘ಬಿಟ್ಟು ಬರುತ್ತೇನೆ’ ಎಂದರೆ? ಅಗ್ನಿಪಥ ಯೋಜನೆಯ ಷರತ್ತಿನಂತೆ ಅವಧಿ ಮುಗಿಯುವ ಮೊದಲು ಸ್ವಂತ ಇಚ್ಛೆಯಿಂದ ಸೇವೆ ಬಿಡಲು ಅವಕಾಶವಿಲ್ಲ. ತೀರಾ ಅಪರೂಪದ ಪ್ರಕರಣಗಳಲ್ಲಿ ಮಾತ್ರ ಮೇಲಧಿಕಾರಿಗಳ ಅನುಮತಿ ಸಿಗುತ್ತದೆ, ಆಗ ಅವಧಿಯ ಕೊನೆಗೆ ಸಿಗುವ ಇಡುಗಂಟಾದ ಸೇವಾನಿಧಿಯಲ್ಲಿ ಸರ್ಕಾರದ ಪಾಲು ಕೈಗೆ ಬರುವುದಿಲ್ಲ. ಇದನ್ನು ಬೆದರಿಕೆಯಂತೆ ಅವನ ಮುಂದೆ ಒಡ್ಡಬೇಡಿ. ಅವನಿಗೆ ಅದು ಗೊತ್ತೇ ಇದೆ. ಅವನಿಗೆ ಗೊತ್ತಿಲ್ಲದಿರುವುದು, ಒಂದು ವೇಳೆ ಹಾಗಾಗಿ ಮನೆಗೆ ಬಂದರೂ ಬಾಗಿಲು ತೆರೆದಿರುತ್ತದೆಯೇ ಎಂಬುದು. ಅದನ್ನು ಬಾಯಿಬಿಟ್ಟು ಹೇಳಿ: ‘ನೀನು ನಾವಿಕನಾಗಿರುವುದು ನನಗೆ ಹೆಮ್ಮೆ. ಆದರೆ ನೀನು ನನ್ನ ಮಗನಾಗಿರುವುದಕ್ಕೆ ಆ ಕೆಲಸ ಷರತ್ತಲ್ಲ.’ ಹೀಗೆ ಹೇಳಿದರೆ ಹುಡುಗರು ಓಡಿ ಬರುತ್ತಾರೆ ಎಂಬ ಭಯ ತಂದೆಯರಿಗಿದೆ. ನಾನು ಕಂಡದ್ದು ಅದರ ವಿರುದ್ಧ: ಮರಳಲು ಜಾಗವಿದೆ ಎಂದು ಗೊತ್ತಿರುವವರೇ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತಾರೆ.

ನಾಲ್ಕು ವರ್ಷದ ನಂತರದ ಚಿಂತೆ ನಿಜವಾದದ್ದು, ಅದನ್ನು ‘ದೇವರಿದ್ದಾನೆ’ ಎಂದು ತಳ್ಳಿಹಾಕಲಾರೆ. ಒಂದು ತಂಡದಲ್ಲಿ ಖಾಯಂ ಸೇವೆಗೆ ಆಯ್ಕೆಯಾಗುವವರು ಶೇಕಡ 25ರವರೆಗೆ ಮಾತ್ರ ಎಂಬುದು ಯೋಜನೆಯ ನಿಯಮ. ಉಳಿದವರು ಅಂದಾಜು 11.71 ಲಕ್ಷ ರೂಪಾಯಿ ಸೇವಾನಿಧಿಯೊಂದಿಗೆ ಹೊರಬರುತ್ತಾರೆ, ಪಿಂಚಣಿ ಇರುವುದಿಲ್ಲ. ಆದ್ದರಿಂದ ‘ನೀನು ಆ 25ರಲ್ಲಿ ಇರಲೇಬೇಕು’ ಎಂಬ ಒತ್ತಡ ಹೇರುವುದು ಅನ್ಯಾಯ, ‘ಹೇಗೂ ಹೊರಗೆ ಹಾಕುತ್ತಾರೆ’ ಎಂಬ ಮಾತು ಅದಕ್ಕಿಂತ ಕೆಟ್ಟದ್ದು. ಎರಡೂ ದಾರಿಗೆ ಸಿದ್ಧನಾಗಲು ಅವನಿಗೆ ನೆರವಾಗುವುದು ನಿಮ್ಮ ಕೈಯಲ್ಲಿದೆ. ಇಗ್ನೋ ವಿಶ್ವವಿದ್ಯಾಲಯ ಅಗ್ನಿವೀರರಿಗಾಗಿ ರೂಪಿಸಿರುವ ಮೂರು ವರ್ಷದ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್ ಅಂಕಗಳು ಸೇವೆಯಲ್ಲಿ ಕಲಿತ ಕೌಶಲಕ್ಕೇ ಸಲ್ಲುತ್ತವೆ. ಅವನು ಅದಕ್ಕೆ ಹೆಸರು ನೋಂದಾಯಿಸಿದ್ದಾನೆಯೇ ಎಂದು ವಿಚಾರಿಸಿ. ನೌಕಾಪಡೆಯಿಂದ ಹೊರಬರುವ ಅಗ್ನಿವೀರರು ವ್ಯಾಪಾರಿ ಹಡಗುಗಳಿಗೆ ಸೇರುವ ದಾರಿಗಳನ್ನು ಕೇಂದ್ರದ ನೌಕಾಯಾನ ಸಚಿವಾಲಯ 2022ರಲ್ಲೇ ಪ್ರಕಟಿಸಿದೆ. ಎಂಜಿನ್, ವಿದ್ಯುತ್, ಅಡುಗೆ ಹೀಗೆ ಅವನು ಯಾವ ವಿಭಾಗದಲ್ಲಿ ಪಳಗುತ್ತಾನೋ ಅದಕ್ಕೆ ತಕ್ಕ ಅರ್ಹತಾ ಪತ್ರ ಪಡೆಯಬಹುದು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿಯೂ ಮೀಸಲಾತಿ ಇದೆ. ವಿವರಗಳಿಗೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ನೀವೇ ಒಮ್ಮೆ ವಿಚಾರಿಸಿಕೊಂಡು ಬನ್ನಿ.

ಆದರೆ ಈ ಮಾತುಗಳಾವುವೂ ಫೋನಿನಲ್ಲಿ ಬೇಡ. ವರ್ಷಕ್ಕೆ ಅವನಿಗೆ ಸಿಗುವುದು 30 ದಿನದ ರಜೆ. ಅವನು ಬಂದ ಮೊದಲ ಎರಡು ಮೂರು ದಿನ ಮಲಗಲು ಬಿಡಿ. ಸನ್ಮಾನ, ಮೆರವಣಿಗೆ, ಶಾಲೆಯಲ್ಲಿ ಭಾಷಣ ಎಂದು ಯಾರಾದರೂ ಕೇಳಿಕೊಂಡು ಬಂದರೆ ಅವನನ್ನು ಕೇಳದೆ ನೀವು ಒಪ್ಪಿಕೊಳ್ಳಬೇಡಿ. ಆಮೇಲೆ ಒಂದು ದಿನ ನೀವಿಬ್ಬರೇ ಕುಳಿತಾಗ, ನೀವು ವಿಚಾರಿಸಿ ತಂದ ಕಾಗದಪತ್ರಗಳನ್ನು ಅವನ ಮುಂದಿಟ್ಟು, ‘ನಿನಗೆ ಏನನ್ನಿಸುತ್ತದೆ?’ ಎಂದು ಅವನನ್ನೇ ಕೇಳಿ.